ಕಡುನೇರಳೆ ಇಂಕು ಮತ್ತು ದೊಡ್ಡಮ್ಮನ ಬಸಳೆ ಚಪ್ಪರ

ಇಂಕು ಬಂದದ್ದು ಬಸ್ಸಿನಲ್ಲಿ. ನಮ್ಮ ಕಡೆ ಕೊರಿಯರ್ ಅಂದರೆ ಕಂಡಕ್ಟರ್. ಮಡಂತ್ಯಾರಿನಲ್ಲಿ ಪೊಟ್ಟಣವನ್ನು ಅವನ ಕೈಗೆ ಕೊಟ್ಟು, "ಬಿ.ಸಿ. ರೋಡಿನಲ್ಲಿ ಒಬ್ಬ ಸಪೂರದ ಹುಡುಗ ನಿಂತಿರ್ತಾನೆ, ಬಾಯಿ ಮುಚ್ಚಿರುವುದಿಲ್ಲ, ಅವನಿಗೆ ಕೊಡಿ" ಅಂದರೆ ಸಾಕು, ವಿಳಾಸ ಬೇಡ. ನನ್ನ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ನನ್ನ ಗುರುತು ಕೊಟ್ಟದ್ದು ಹಾಗೆಯೇ. ಆ ಕಂಡಕ್ಟರ್ ಬಸ್ಸು ನಿಲ್ಲುವ ಮೊದಲೇ ಬಾಗಿಲಿನಿಂದ ನನ್ನನ್ನು ಕಂಡು ಹಿಡಿದ ಅನ್ನುವುದೇ ಬೇಸರದ ಸಂಗತಿ.

"ಇದೆಂತ ಮಾರಾಯ? ಪುನರ್ಪುಳಿ ಶರಬತ್ತಾ?" ಅವನು ತೋರುಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದ. ಉಗುರಿನಿಂದ ಗೆಣ್ಣಿನವರೆಗೆ ಕಡುನೇರಳೆ. "ಮುಚ್ಚಳ ಸರಿ ಹಾಕ್ಲಿಕ್ಕೆ ಆಗುದಿಲ್ವಾ ನಿಮ್ಮವರಿಗೆ? ನೋಡು, ಚುನಾವಣೆ ಇಲ್ಲದೆ ಓಟು ಹಾಕಿದ ಹಾಗಾಯ್ತು."

"ಇಂಕು ಅಣ್ಣ. ಬರಿಲಿಕ್ಕೆ."

"ಈಗ ಇಂಕಿನಲ್ಲಿ ಯಾರು ಬರೀತಾರೆ?"

"ನಾನು."

"ನೀನು ಮೈಕಿನಲ್ಲಿ ಕಿರುಚುವವ ಅಲ್ವಾ?" ಅಂದು ಸೀಟಿ ಊದಿದ. ಬಸ್ಸು ಹೋಯಿತು. ನಾನು ಅಲ್ಲೇ ನಿಂತು, ಅವನ ಅದೇ ಸ್ವರದಲ್ಲಿ "ಚುನಾವಣೆ ಇಲ್ಲದೆ ಓಟು ಹಾಕಿದ ಹಾಗಾಯ್ತು" ಅಂತ ಹೇಳಿ ನೋಡಿದೆ. ಪಕ್ಕದಲ್ಲಿದ್ದ ಹೆಂಗಸು ಬಸ್ಸು ಹಿಂದೆ ಬಂತಾ ಅಂತ ತಿರುಗಿ ನೋಡಿದರು. ಸರಿ ಉಂಟು ಸ್ವರ ಅಂತ ಖುಷಿಯಾಯಿತು.

ಕಿರುಚುವುದು ಹೌದು. ರಿಕ್ಷಾದ ತಲೆಗೆ ಸ್ಪೀಕರ್ ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯಿತಿ, ವಾಲಿಬಾಲ್ ಪಂದ್ಯಾಟ, ಕಣ್ಣಿನ ತಪಾಸಣೆ ಶಿಬಿರ ಅಂತ ಸಾರಿಕೊಂಡು ಹೋಗುವ ಸ್ವರ ಉಂಟಲ್ಲ, ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆಯವರೆಗೆ ನಿಮ್ಮ ಊಟದ ನಂತರದ ನಿದ್ದೆ ಹಾಳು ಮಾಡುವುದು, ಅದು ನನ್ನದು. ಶಾಪ ಹಾಕಿದವರಿಗೆಲ್ಲ ನಮಸ್ಕಾರ. ಸಾರಬೇಕಾದ್ದನ್ನು ನಾನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಅದೂ ಇಂಕು ಪೆನ್ನಿನಲ್ಲಿ. ಬಾಯಿಯಿಂದ ಬರುವುದೆಲ್ಲ ಬೇರೆಯವರ ಸ್ವರವಾದ್ದರಿಂದ ಕೈಯಿಂದ ಬರುವುದಾದರೂ ಚಂದ ಇರಲಿ ಅಂತ. ಹೀಗೆ ಹೇಳಿದರೆ ಗಂಭೀರವಾಗಿ ಕೇಳುತ್ತದೆ. ನಿಜ ಹೇಳಬೇಕೆಂದರೆ ಬಣ್ಣ ನೋಡಿದರೆ ನನಗೆ ಹುಚ್ಚು ಹಿಡಿಯುತ್ತದೆ.

ಇದೇ ಹುಚ್ಚಿನವರದ್ದು ಮೊಬೈಲಿನಲ್ಲಿ ಒಂದು ಗುಂಪು ಉಂಟು. ನಿವೃತ್ತ ಮೇಷ್ಟ್ರುಗಳು, ಪಿಯುಸಿ ಮಕ್ಕಳು, ದುಬಾಯಿಯಲ್ಲಿ ಕೂತು ಊರಿನ ನಿಬ್ಬುಗಳ ಫೋಟೋ ಕೇಳುವವರು. ಅಲ್ಲಿ ನಾನು ಇಂಕುಗಳ ಅಧಿಕೃತ ವಿಮರ್ಶಕ. ಅಧಿಕೃತ ಅಂತ ಮಾಡಿದ್ದು ನಾನೇ, ಯಾರೂ ಬೇಡ ಅನ್ನಲಿಲ್ಲ. ನನ್ನ ವಿಮರ್ಶೆಯೆಂದರೆ ಬರಹವಲ್ಲ, ಧ್ವನಿ. ಒಂದೊಂದು ಇಂಕಿಗೆ ಒಂದೊಂದು ಮನುಷ್ಯ. ನೀಲಿ ಇಂಕಾದರೆ ಬ್ಯಾಂಕಿನ ಕ್ಯಾಷಿಯರ್, "ನಾಳೆ ಬನ್ನಿ ಮಾರ್ರೆ, ಸರ್ವರ್ ಇಲ್ಲ." ಹಸಿರಾದರೆ ಸಹಿ ಹಾಕುವ ಮೊದಲು ಮೂರು ಸಲ ಕೆಮ್ಮುವ ಸಾಹೇಬರು. ಕೆಂಪಾದರೆ ನನಗೆ ಗಣಿತ ಕಲಿಸಲು ಹೋಗಿ ಸೋತವರು. ಇಂಕು ಹೇಗೆ ಹರಿಯುತ್ತದೆ, ಹೇಗೆ ಒಣಗುತ್ತದೆ ಎಂಬುದನ್ನೆಲ್ಲ ಅವರ ಬಾಯಲ್ಲೇ ಹೇಳಿಸುವುದು. ಜನ ನಗುತ್ತಾರೆ, ನಂತರ ಇಂಕು ತಗೊಳ್ಳುತ್ತಾರೆ.

ಮನೆಗೆ ತಲುಪುವ ಮೊದಲೇ ಅಕ್ಕನ ಫೋನು.

"ತಲುಪಿತಾ?"

"ತಲುಪಿತು. ಸ್ವಲ್ಪ ಕಂಡಕ್ಟರಿಗೂ ತಲುಪಿತು."

"ತಮಾಷೆ ಬೇಡ. ಒಮ್ಮೆ ನೆಟ್ಟಗೆ ಕೇಳು." ಅಕ್ಕ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು, ನೆಟ್ಟಗೆ ಅಂದರೆ ನೆಟ್ಟಗೆ. ಬೆಳ್ತಂಗಡಿಯ ಆಚೆ, ಗುಡ್ಡದ ಮೇಲೆ ಬಾವನ ರಬ್ಬರ್ ತೋಟ. ಮನೆಯ ಹಿಂದಿನ ಹಳೇ ಬಚ್ಚಲು ಕೋಣೆಯಲ್ಲಿ ಅಕ್ಕ ಎರಡು ಬೇಸಗೆಯಿಂದ ಇಂಕು ಮಾಡುತ್ತಿದ್ದಳು. ಮಾಡುವುದು, ಚೆಲ್ಲುವುದು, ಮತ್ತೆ ಮಾಡುವುದು. ಈಗ ಬಾವನಿಗೆ ಆ ಕೋಣೆ ಬೇಕು. ರಬ್ಬರ್ ಶೀಟುಗಳಿಗೆ ಹೊಗೆ ಕೊಟ್ಟು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವಂತೆ. ಇಬ್ಬರೂ ಜಗಳ ಮಾಡದೆ ಒಂದು ಒಪ್ಪಂದಕ್ಕೆ ಬಂದಿದ್ದರು. ಮೂಡುಬಿದಿರೆಯ ಪೆನ್ನು ಮಾಮ ಈ ಇಂಕನ್ನು ತನ್ನ ಗಾಜಿನ ಕಪಾಟಿನಲ್ಲಿ ಇಟ್ಟರೆ ಕೋಣೆ ಅಕ್ಕನಿಗೆ. ಇಡದಿದ್ದರೆ ಕಾಲೇಜು ಸುರುವಾಗುವ ಮೊದಲು ಬಾಟಲಿಗಳೆಲ್ಲ ಮಂಚದ ಅಡಿಗೆ, ಶೀಟು ತೂಗುಹಾಕುವ ಬಿದಿರಿನ ಗಳುಗಳು ಕೋಣೆಯ ಒಳಗೆ.

ಪೆನ್ನು ಮಾಮ ಯಾರ ಮಾಮನೂ ಅಲ್ಲ. ಮೂಡುಬಿದಿರೆಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟವರು. ಅಷ್ಟು ಕಾಲೇಜುಗಳಿರುವ ಊರಿನಲ್ಲಿ ಇಂಕು ಪೆನ್ನು ಬೇಕಾದವರೆಲ್ಲ ಅಲ್ಲಿಗೇ ಹೋಗುವುದು. ಅವರ ಗಾಜಿನ ಕಪಾಟಿಗೆ ಹೋಗದ ಇಂಕು ನಮ್ಮ ಕಡೆ ಇಂಕೇ ಅಲ್ಲ.

"ಅವರಿಗೂ ಒಂದು ಬಾಟಲಿ ಕಳಿಸಿದ್ದೇನೆ," ಅಂದಳು ಅಕ್ಕ. "ನಿನ್ನ ವಿಮರ್ಶೆ ಕೇಳಿ ಆಮೇಲೆ ಮುಚ್ಚಳ ತೆಗೀತೇನೆ ಅಂದ್ರಂತೆ. ನಿನ್ನದರ ಮೇಲೆ ಅವರಿಗೆ ಅಷ್ಟು ನಂಬಿಕೆ. ಯಾಕೆ ಅಂತ ನನಗೆ ಗೊತ್ತಿಲ್ಲ."

"ನನಗೂ ಇಲ್ಲ. ಅಕ್ಕ, ಈ ಬಣ್ಣ ಎಲ್ಲಿಂದ ಹಿಡಿದೆ?"

ಆಗ ಅವಳ ಸ್ವರ ಸ್ವಲ್ಪ ಮೆತ್ತಗಾಯಿತು. "ಅಮ್ಮನ ಬಸಳೆ ಚಪ್ಪರ ನೆನಪುಂಟಾ? ಹಣ್ಣು ಹಿಂಡಿ ಬರೀತಿದ್ದದ್ದು? ಅದೇ ಬಣ್ಣ ಬೇಕು, ಆದರೆ ಹೋಗಬಾರದು ಅಂತ."

ನೆನಪಿಲ್ಲದೆ ಉಂಟಾ! ಬಸಳೆಯ ಬಳ್ಳಿಯಲ್ಲಿ ಕರಿಮಣಿಯಂಥ ಹಣ್ಣು ಬಿಡುತ್ತದಲ್ಲ, ಬೆರಳಲ್ಲಿ ಒತ್ತಿದರೆ ಪಿಚಕ್ ಅಂತ ನೇರಳೆ. ನಮ್ಮ ಮೂರು ತಾಲೂಕಿನಲ್ಲಿ ಅದನ್ನು ಹಿಂಡಿ ಇಂಕು ಅಂತ ಪೆನ್ನಿಗೆ ತುಂಬಿಸದೆ ಪ್ರೈಮರಿ ಪಾಸಾದವರು ಯಾರೂ ಇರಲಿಕ್ಕಿಲ್ಲ. ನಿಬ್ಬು ಕಟ್ಟಿಹೋಗುವುದು, ಚಡ್ಡಿ ಹಾಳಾಗುವುದು, ಮನೆಯಲ್ಲಿ ಪೆಟ್ಟು ಬೀಳುವುದು, ಎಲ್ಲ ಸೇರಿ ಒಂದು ವಿದ್ಯಾಭ್ಯಾಸ.

ಅಕ್ಕನ ಇಂಕು ಮಾತ್ರ ಹಣ್ಣಿನದ್ದಲ್ಲ. ಬಣ್ಣದ ಪುಡಿ, ಬಟ್ಟಿ ಇಳಿಸಿದ ನೀರು, ಕೆಡದ ಹಾಗೆ ಒಂದು ಹನಿ ಔಷಧ, ಸೋಸುವ ಕಾಗದ. ಬಾಟಲಿಯ ಮೇಲೆ ಅವಳದೇ ಅಕ್ಷರದಲ್ಲಿ "ಕಡುನೇರಳೆ" ಅಂತ ಬರೆದು ಅಂಟಿಸಿದ್ದಳು, ಅಷ್ಟೇ.

ಕೈಕಾಲು ತೊಳೆಯದೆ ಪೆನ್ನು ತುಂಬಿಸಿದೆ. ದಪ್ಪ ನಿಬ್ಬಿನದ್ದು, ಹೆಚ್ಚು ಕುಡಿಯುವ ಪೆನ್ನು. ಮೊದಲ ಗೆರೆ ಎಳೆದೆ. ಕಪ್ಪು! ಛೇ, ಕಪ್ಪಾ? ಹೀಗಂದುಕೊಳ್ಳುವಷ್ಟರಲ್ಲಿ ಗೆರೆಯ ಒಳಗಿನಿಂದ ನೇರಳೆ ಮೇಲೆ ಬಂತು, ಯಾರೋ ಪರದೆಯ ಹಿಂದೆ ದೀಪ ಹಚ್ಚಿದ ಹಾಗೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮತ್ತೆ ಕೂತು ಇನ್ನೊಂದು ಗೆರೆ. ಮತ್ತೆ ಎದ್ದೆ. ಇಂಕು ಹೆಚ್ಚು ನಿಂತ ಕಡೆ, ಅಕ್ಷರದ ತಿರುವಿನಲ್ಲಿ, ಅಂಚಿಗೆ ತಾಮ್ರದ ಹೊಳಪು. ಕಂಬಳದ ಕೋಣಕ್ಕೆ ಎಣ್ಣೆ ಹಚ್ಚಿ ಬಿಸಿಲಿಗೆ ನಿಲ್ಲಿಸಿದಾಗ ಬೆನ್ನಿನ ಮೇಲೆ ಒಂದು ಮಿಂಚು ಹರಿಯುತ್ತದಲ್ಲ, ಅದೇ ಮಿಂಚು. ಕಾಗದವನ್ನು ಓರೆ ಮಾಡಿದೆ, ನೆಟ್ಟಗೆ ಮಾಡಿದೆ, ಕಿಟಕಿಯ ಹತ್ತಿರ ಒಯ್ದೆ, ಅಂಗಳಕ್ಕೆ ಒಯ್ದೆ. ಅಮ್ಮ ಅಡುಗೆಮನೆಯಿಂದ, "ಕಾಗದ ಹಿಡ್ಕೊಂಡು ಎಂತ ಕುಣಿತ ಮಾರಾಯ ಅದು, ಕೆಲಸ ಸಿಕ್ಕಿತಾ?" ಅಂದರು. ಬೇರೆ ಕೆಲಸ ಸಿಗುತ್ತದೆ ಅಂತ ಅವರಿಗೆ ಇನ್ನೂ ಆಸೆ.

ವಿಮರ್ಶಕನಾದ್ದರಿಂದ ತಪ್ಪುಗಳನ್ನೂ ನೋಡಿದೆ. ಒಣಗಲು ಸೋಮಾರಿ. ಎಡಗೈಯವರು ಬರೆದರೆ ಅಂಗೈಯಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ. ಶಾಲೆಯ ತೆಳು ಪುಸ್ತಕದಲ್ಲಿ ಇಂಕು ಹರಡಿ ಅಕ್ಷರಗಳಿಗೆ ಮೀಸೆ ಬರುತ್ತದೆ. ದಪ್ಪ ಕಾಗದದಲ್ಲಿ ರಾಜ. ಒಣಗಿದ ಮೇಲೆ ನೀರು ಹಾಕಿದರೆ ಮೇಲಿನ ನೇರಳೆ ಸ್ವಲ್ಪ ಹೋಗಿ ಅಡಿಯಲ್ಲಿ ಓದಲಿಕ್ಕೆ ಬೇಕಾದಷ್ಟು ಉಳಿಯುತ್ತದೆ. ಮತ್ತು ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ಸೋಪು, ತೆಂಗಿನ ನಾರು, ಸೀಮೆಎಣ್ಣೆ, ಯಾವುದಕ್ಕೂ ಮರ್ಯಾದೆ ಇಲ್ಲ.

ಈಗ ಸ್ವರ. ಕಡುನೇರಳೆಗೆ ಯಾರು? ವಕೀಲರನ್ನು ಹಾಕಿ ನೋಡಿದೆ, ಸಪ್ಪೆ. ಗಲ್ಫಿನಿಂದ ರಜೆಗೆ ಬಂದು ಸೆಂಟು ಹಾಕಿಕೊಂಡವರನ್ನು ಹಾಕಿ ನೋಡಿದೆ, ಹೆಚ್ಚಾಯಿತು. ಆಮೇಲೆ ತಲೆಗೆ ಬಂತು, ದೊಡ್ಡಮ್ಮ! ಬಣ್ಣ ಹುಟ್ಟಿದ್ದೇ ಅವರ ಚಪ್ಪರದಲ್ಲಿ.

ದೊಡ್ಡಮ್ಮನನ್ನು ಮಾಡುವುದೆಂದರೆ ನನಗೆ ಪ್ರಾಣ. ಅವರು ಮಾತಾಡುವುದು ಚಪ್ಪರದಡಿಯಿಂದ ಗದ್ದೆಯಾಚೆಯ ಮನೆಗೆ ಕೇಳುವ ಹಾಗೆ. ಅಮ್ಮನ ಎರಡು ಬಳೆ ಕೈಗೆ ತೊಟ್ಟೆ. ಒಂದು ಪಾತ್ರೆ, ಒಂದು ಒದ್ದೆ ಬಟ್ಟೆ ಇಟ್ಟುಕೊಂಡೆ. ಮೊಬೈಲ್ ಎದುರಿಗೆ. ಸುರು ಮಾಡಿದೆ.

"ಏ ಮಗಾ, ಆ ಬಟ್ಟೆ ತಾ, ಹಣ್ಣು ಹಿಂಡುವ! ಹಸಿಯದ್ದು ಹಾಕಬೇಡ, ಕಪ್ಪಾದ್ದು ಮಾತ್ರ. ಒತ್ತು, ಒತ್ತು... ಅಯ್ಯೋ ನನ್ನ ಸೀರೆಗೆ ರಟ್ಟಿತು ಪೀಡೆ! ನೋಡು ನೋಡು, ಎಂಥ ಬಣ್ಣ! ಹೀಗಿದ್ದ ಇಂಕು ಅಂಗಡಿಯಲ್ಲಿ ಸಿಗ್ತದಾ ನಿನಗೆ? ಬಾಟಲಿಗೆ ಹಾಕು, ಸೋಸಿ ಹಾಕು. ಒಣಗ್ಲಿಕ್ಕೆ ತಡ ಆಗ್ತದೆ, ನಿನ್ನ ದೊಡ್ಡಪ್ಪ ಗದ್ದೆಯಿಂದ ಬಂದ ಹಾಗೆ!"

ಬಳೆ ಗಲಗಲ, ಬಟ್ಟೆ ಹಿಂಡುವಾಗ ಪಿಚಪಿಚ, ಪಾತ್ರೆಗೆ ತೊಟತೊಟ. ಹರಿವು, ಹೊಳಪು, ಮೀಸೆ, ಬೆರಳು, ಎಲ್ಲ ದೊಡ್ಡಮ್ಮನ ಬಾಯಲ್ಲಿ. ಕೊನೆಗೆ ನಾನೇ ನಕ್ಕುಬಿಟ್ಟೆ, ಅದನ್ನು ಕತ್ತರಿಸಿ ಗುಂಪಿಗೆ ಹಾಕಿದೆ.

ಸಂಜೆಯೊಳಗೆ ಅದು ಗುಂಪು ಬಿಟ್ಟು ಊರಿಗೆ ಹೋಗಿತ್ತು. ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನ ಮೊಬೈಲಿನಿಂದ ನನ್ನ ದೊಡ್ಡಮ್ಮ ಕೂಗುತ್ತಿದ್ದರು, ಅಂದರೆ ನಾನು ಕೂಗುತ್ತಿದ್ದೆ. "ಪೀಡೆ!" ಅನ್ನುವ ಜಾಗಕ್ಕೆ ನಾಲ್ಕು ಜನ ಒಟ್ಟಿಗೆ ನಕ್ಕರು. ನಾನು ನನಗೆ ಇನ್ನೊಂದು ಗೋಳಿಬಜೆ ತರಿಸಿದೆ. ನಿಜವಾದ ದೊಡ್ಡಮ್ಮ ಫೋನು ಮಾಡಿ, "ನನ್ನ ಸ್ವರ ಅಷ್ಟು ಗಟ್ಟಿಯಾ?" ಅಂತ ಕೇಳಿದರು. ಅಷ್ಟು ಗಟ್ಟಿಯಾಗಿ ಕೇಳಿದ್ದರಿಂದ ಉತ್ತರ ಬೇಕಾಗಲಿಲ್ಲ.

ಮರುದಿನದಿಂದ ಬೇರೆ ಥರದ ಫೋನುಗಳು.

ಕನ್ಯಾನದಿಂದ ಒಬ್ಬರು ಹೆಂಗಸು, ನಂಬರು ಯಾರಿಂದ ಸಿಕ್ಕಿತೋ. "ಹಲೋ, ಬಸಳೆ ಹಣ್ಣಿನ ಇಂಕಿನವರಾ? ನಮ್ಮಲ್ಲಿ ಎರಡು ಚಪ್ಪರ ಉಂಟು ಮಾರ್ರೆ, ಹಣ್ಣೆಲ್ಲ ಬಿದ್ದು ಹಾಳಾಗ್ತದೆ. ಬಸ್ಸಿಗೆ ಹಾಕಿ ಕಳಿಸ್ಲಾ?"

"ಅಮ್ಮ, ಅದು ಹಣ್ಣಿನದ್ದಲ್ಲ. ಬಣ್ಣ ಮಾತ್ರ ಹಾಗೆ."

"ಹಿಂಡುವುದು ಕೇಳಿತಲ್ಲ!"

"ಅದು ನಾನು ಒದ್ದೆ ಬಟ್ಟೆ..."

"ಪಾಪ, ನಿಮ್ಮ ದೊಡ್ಡಮ್ಮನ ಸೀರೆ ಹಾಳಾಯಿತಲ್ಲ," ಅಂದರು. ಅವರಿಗೆ ನಿಜವಾಗಿ ಬೇಸರವಾಗಿತ್ತು. "ಒಗೆದ್ರೆ ಹೋಗ್ತದೆ" ಅಂದೆ.

ಗುಂಪಿನ ಒಬ್ಬರು ಮೇಷ್ಟ್ರು, "ಫ್ರಿಜ್ಜಿನಲ್ಲಿ ಇಡಬೇಕೋ ಹೇಗೆ?" ಅಂತ ಕೇಳಿದರು. ಇನ್ನೊಬ್ಬರಿಗೆ ಇರುವೆಯ ಚಿಂತೆ. ದುಬಾಯಿಯವರು ಮಾತ್ರ, "ಒಳ್ಳೆ ನಟನೆ" ಅಂದರು. ಅವರು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಆಗ ನನಗೆ ವಿಷಯ ಅರ್ಥವಾಗತೊಡಗಿತು. ಬೇರೆ ಊರಿನವರಿಗೆ ಅದು ನಾಟಕ. ನಮ್ಮವರಿಗೆ ಅದು ಅವರದೇ ಹಿತ್ತಿಲು. ಪ್ರತಿಯೊಬ್ಬರೂ ಹಾಗೆಯೇ ಹಿಂಡಿದವರು, ಆ ಪಿಚಪಿಚ ಸದ್ದನ್ನು ಬೆರಳಿನಲ್ಲಿ ಬಲ್ಲವರು. ನಂಬದೆ ಇರಲಿಕ್ಕೆ ಅವರಿಗೆ ಕಾರಣವೇ ಇರಲಿಲ್ಲ.

ಅಕ್ಕ ಫೋನು ಮಾಡಿದಾಗ ಹಲೋ ಕೂಡ ಹೇಳಲಿಲ್ಲ.

"ಪೆನ್ನು ಮಾಮ ಬೇಡ ಅಂದ್ರು."

"ಆಂ?"

"ಬಾಟಲಿ ತೆರೀಲೇ ಇಲ್ಲ. ಬಸಳೆ ರಸದಲ್ಲಿ ಅವರೂ ಸಣ್ಣವರಿದ್ದಾಗ ಬರೆದಿದ್ದಾರಂತೆ. ವಾರ ಆಗುವಾಗ ಮಣ್ಣಿನ ಬಣ್ಣ, ಮಳೆಗಾಲದಲ್ಲಿ ಬೂಷ್ಟು. ಅಂಥದ್ದನ್ನು ಮಕ್ಕಳಿಗೆ ಮಾರ್ಲಿಕ್ಕೆ ಆಗುದಿಲ್ಲ ಅಂದ್ರು. ಫೋನಿನಲ್ಲಿ ಎಷ್ಟು ಹೇಳಿದರೂ ಕೇಳುದಿಲ್ಲ." ಸ್ವರ ತಗ್ಗಿಸಿದಳು. "ನಿನ್ನ ಬಾವ ಬಿದಿರಿನ ಗಳು ಕಡಿಸಿ ತಂದು ಅಂಗಳದಲ್ಲಿ ಹಾಕಿದ್ದಾರೆ. ಎಂತ ಹೇಳುದಿಲ್ಲ, ಸುಮ್ಮನೆ ಅದರ ಗಂಟು ಕೆತ್ತುತ್ತಾ ಕೂತಿದ್ದಾರೆ. ಬೈದಿದ್ರೆ ಜಗಳ ಮಾಡ್ಬಹುದಿತ್ತು."

ಅಕ್ಕ ಅಳುವವಳಲ್ಲ. ಆದರೆ ಅವಳ ಹಿಂದಿನಿಂದ ಕತ್ತಿಯಲ್ಲಿ ಬಿದಿರು ಕೆತ್ತುವ ಟಕ್ ಟಕ್ ಕೇಳುತ್ತಿತ್ತು. ಅದನ್ನು ಕೇಳಿ ನಾನು ಮೊದಲ ಸಲ ಯಾವ ಸ್ವರವನ್ನೂ ಅನುಕರಿಸದೆ ಮಾತಾಡಿದೆ. "ನಾಳೆ ಮೂಡುಬಿದಿರೆಗೆ ಬಾ. ಹೋಗುವ, ಎದುರು ನಿಂತು ಹೇಳುವ."

ಅವಳು ವೇಣೂರಿನ ಬಸ್ಸಿನಲ್ಲಿ ಬಂದಳು, ನಾನು ಸಿದ್ದಕಟ್ಟೆಯ ಬಸ್ಸಿನಲ್ಲಿ. ಅಂಗಡಿ ಹೊಕ್ಕಾಗ ಪೆನ್ನು ಮಾಮ ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸಿ, ಮತ್ತೆ ಹಾಕಿ ನಮ್ಮನ್ನು ನೋಡಿದರು. ಅವರು ಏನು ಹೇಳುವ ಮೊದಲೂ ಹೀಗೆ ಮಾಡುತ್ತಾರೆ. ನಾನು ಅದನ್ನು ಬಹಳ ಚೆನ್ನಾಗಿ ಮಾಡುತ್ತೇನೆ, ಅವತ್ತು ಮಾಡಲಿಲ್ಲ.

ಅಕ್ಕ ಕಾಲೇಜಿನಲ್ಲಿ ಪಾಠ ಮಾಡುವ ಹಾಗೆ ಬಣ್ಣದ ಪುಡಿ, ನೀರು, ಔಷಧ ಎಲ್ಲ ವಿವರಿಸಿದಳು. ಮಾಮ ಪೂರ್ತಿ ಕೇಳಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.

"ನೀವು ಹೇಳುದು ಬಾಯಲ್ಲಿ. ಇವ ಹೇಳಿದ್ದೂ ಬಾಯಲ್ಲಿ. ಇವನದ್ದು ನನಗೆ ಕೇಳುವಾಗ ನನ್ನ ಅಜ್ಜಿಯ ಚಪ್ಪರ ಕಣ್ಣಿಗೆ ಬಂತು. ನಿಮ್ಮದು ಕೇಳುವಾಗ ಪರೀಕ್ಷೆಯ ಭಯ ಬಂತು. ನಾನು ಯಾವುದನ್ನು ನಂಬುದು? ಅಲ್ವಾ ಹೇಳಿ."

"ಮಾಮ, ನಾನು ಹೇಳಿದ್ದು ನಟನೆ," ಅಂದೆ.

"ಈಗ ಹೇಳುದು ನಟನೆ ಅಲ್ಲ ಅಂತ ಹೇಗೆ ಗೊತ್ತಾಗುದು ಮಾರಾಯ?"

ಇಷ್ಟು ವರ್ಷ ಬೇರೆಯವರ ಸ್ವರದಲ್ಲಿ ಬದುಕಿದವನಿಗೆ ಬೇಕಾದಾಗ ತನ್ನದು ಕೆಲಸಕ್ಕೆ ಬರುವುದಿಲ್ಲ. ಬಾಯಿ ಸೋತಿತು, ಹಾಗಾದರೆ ಕಾಗದ ಹೇಳಲಿ ಅಂತ ಅನ್ನಿಸಿತು.

"ಮಾಮ, ಒಂದು ದಪ್ಪ ಕಾಗದ ಕೊಡಿ. ಎರಡನ್ನೂ ಬರೀತೇನೆ. ಮೇಲೆ ನಿಜವಾದ ಬಸಳೆ ರಸ, ಕೆಳಗೆ ಅಕ್ಕನ ಇಂಕು. ನಿಮ್ಮ ಬಾಗಿಲಿನ ಗಾಜಿಗೆ ಅಂಟಿಸಿ, ಮಧ್ಯಾಹ್ನದ ಬಿಸಿಲು ನೇರ ಬೀಳುವಲ್ಲಿ. ಎರಡೂ ಮಣ್ಣಾದರೆ ನಾವು ಇನ್ನು ಈ ಕಡೆ ಬರುದಿಲ್ಲ."

ಅಕ್ಕ ನನ್ನ ಕೈ ಚಿವುಟಿದಳು. ಮಾಮ ಕನ್ನಡಕ ಮುಟ್ಟದೆ ಕೂಡಲೇ, "ಹಣ್ಣು ಎಲ್ಲಿ?" ಅಂದರು.

ಅಂಗಡಿಯ ಹಿಂದಿನ ಊಟದ ಹೋಟೆಲಿನ ಅಂಗಳದಲ್ಲಿ ಚಪ್ಪರ ಇತ್ತು. ಕೇಳಿದರೆ ಯಜಮಾನರು, "ಸೊಪ್ಪು ಬೇಕಾ, ಹಣ್ಣು ಮಾತ್ರವಾ? ಎಂಥ ಮರ್ಲು ನಿಮಗೆ!" ಅಂದು ಒಂದು ಮುಷ್ಟಿ ಹಣ್ಣು ಕೊಟ್ಟರು. ನಾನು ಗಲ್ಲಾ ಮೇಜಿನ ಮೇಲೆ ಕರವಸ್ತ್ರ ಹಾಸಿ ಹಿಂಡತೊಡಗಿದೆ. ಕಾಲೇಜಿನ ಮಕ್ಕಳು ಸುತ್ತ ಸೇರಿದರು. ಒಬ್ಬಳು, "ಓ, ಆ ದೊಡ್ಡಮ್ಮ ಇವರೇ!" ಅಂದಳು. ಜನ ಕಂಡ ಮೇಲೆ ನನ್ನ ಬಾಯಿ ಸುಮ್ಮನಿರುವುದುಂಟಾ? "ಏ ಮಗಾ, ಹಸಿಯದ್ದು ಹಾಕಬೇಡ!" ಹೊರಗೆ ಬಂದೇಬಿಟ್ಟಿತು. ಅಂಗಡಿ ಇಡೀ ನಗು. ಪೆನ್ನು ಮಾಮ ಕೂಡ ಮುಖ ಆಚೆ ತಿರುಗಿಸಿಕೊಂಡರು. ಅಕ್ಕ ಮಾತ್ರ ನಗಲಿಲ್ಲ, ಅವಳ ಕಣ್ಣು ಕಾಗದದ ಮೇಲೆ.

ಎರಡು ಪೆನ್ನು, ಒಂದೇ ವಾಕ್ಯ: "ನಾನು ಯಾವ ಇಂಕು, ಹೇಳಿ ನೋಡುವ." ಮೇಲಿನದ್ದು ಬಸಳೆ, ಕೆಳಗಿನದ್ದು ಅಕ್ಕನದ್ದು.

ಒಣಗಿದ ಮೇಲೆ ನೋಡಿದರೆ, ಅಯ್ಯೋ ದೇವರೇ, ಮೇಲಿನದ್ದೇ ಚಂದ! ಅಕ್ಕನ ಸಾಲು ಕಡು, ಗಂಭೀರ. ಬಸಳೆಯ ಸಾಲು ಮದುವೆಗೆ ಹೊರಟ ಹಾಗೆ ಕೆಂಪು ನೇರಳೆಯಲ್ಲಿ ಹೊಳೆಯುತ್ತಿತ್ತು. ಮಕ್ಕಳೆಲ್ಲ ಮೇಲಿನದ್ದಕ್ಕೇ ಕೈ ತೋರಿಸಿದರು. "ಇದು ಎಷ್ಟು ಮಾಮ?" ಅಂತ ಒಬ್ಬ ಕೇಳಿಯೂ ಬಿಟ್ಟ.

"ನೋಡುವ," ಅಂದರು ಪೆನ್ನು ಮಾಮ, ಕಾಗದವನ್ನು ಗಾಜಿಗೆ ಅಂಟಿಸುತ್ತಾ.

ವೇಣೂರಿನ ಬಸ್ಸು ಹತ್ತುವಾಗ ಅಕ್ಕ, "ನೀನು ಬಸಳೆಯನ್ನೂ ಅಷ್ಟು ಚಂದ ಬರೀಬೇಕಿತ್ತಾ?" ಅಂದಳು.

ಆಮೇಲಿನ ವಾರ ನಾನು ತಿಂದದ್ದು ನೆನಪಿಲ್ಲ. ನನ್ನ ಅದೃಷ್ಟಕ್ಕೆ ಮೂಡುಬಿದಿರೆಯ ಒಂದು ಸೀರೆ ಅಂಗಡಿಯ ರಿಯಾಯಿತಿ ಸಾರುವ ಕೆಲಸ ಸಿಕ್ಕಿತು. ದಿನಾ ಪೆನ್ನು ಮಾಮನ ಅಂಗಡಿಯ ಎದುರಿನಿಂದ ರಿಕ್ಷಾ ಹೋಗಬೇಕು ಅಂತ ಚಾಲಕನ ಹತ್ತಿರ ಹಟ ಮಾಡಿದೆ. "ಆ ಒಂದೇ ರಸ್ತೆಯ ಹೆಂಗಸರು ಮಾತ್ರ ಸೀರೆ ಉಡುದಾ?" ಅಂತ ಅವನಿಗೆ ಸಿಟ್ಟು. ಮೊದಲ ದಿನ ಎರಡೂ ಸಾಲು ಹಾಗೆಯೇ. ಮರುದಿನ ಅಂಗಡಿಯ ಎದುರು ಲಾರಿ ನಿಂತಿತ್ತು, ಕಾಣಲಿಲ್ಲ. ಅದರ ಮರುದಿನ ಮೋಡ, ಬಿಸಿಲೇ ಇಲ್ಲ. ಇಡೀ ಬೇಸಗೆ ಸುಟ್ಟ ಬಿಸಿಲು ಅವತ್ತೇ ರಜೆ ಹಾಕಬೇಕಾ? ಅಕ್ಕನಿಗೆ ಫೋನು ಮಾಡಿದಾಗ ಸೀರೆಯ ಸುದ್ದಿ ಮಾತ್ರ ಹೇಳಿದೆ. ಅವಳ ಹಿಂದಿನ ಟಕ್ ಟಕ್ ನಿಂತಿತ್ತು. ಗಳುಗಳು ತಯಾರಾಗಿದ್ದವು ಅಂತ ಅರ್ಥ.

ಮತ್ತೆ ಎರಡು ದಿನ ಬಿಟ್ಟು, ಊಟದ ಹೊತ್ತಿಗೆ, ಬಿಸಿಲು ಭಗಭಗ. ನಾನು ಮೈಕಿನಲ್ಲಿ ಇದ್ದೆ, ನನ್ನ ಅತ್ಯಂತ ಗಂಭೀರ ಸ್ವರದಲ್ಲಿ. "ಮಹಿಳೆಯರೇ, ಮಹನೀಯರೇ, ರೇಷ್ಮೆ ಸೀರೆಗಳ ಮೇಲೆ ಹಿಂದೆಂದೂ ಕಾಣದ..." ರಿಕ್ಷಾ ತಿರುಗಿತು. ಗಾಜಿನ ಬಾಗಿಲು. ಕಾಗದ. ಕೆಳಗಿನ ಸಾಲು ಕಡುನೇರಳೆ, ರಸ್ತೆಯಿಂದಲೂ ಓದಬಹುದು. ಮೇಲಿನ ಸಾಲು ಒಣಗಿದ ವೀಳ್ಯದೆಲೆಯ ಬಣ್ಣ, ಅರ್ಧ ಅಕ್ಷರ ಇಲ್ಲವೇ ಇಲ್ಲ!

"...ಹಿಂದೆಂದೂ ಕಾಣದ, ಅಯ್ಯೋ, ಬಣ್ಣ ಹೋಯಿತು! ಬಸಳೆದ್ದು ಬಣ್ಣ ಹೋಯಿತು! ಅಕ್ಕನದ್ದು ನಿಂತಿತು! ನಿಲ್ಲಿಸು ಮಾರಾಯ, ರಿಕ್ಷಾ ನಿಲ್ಲಿಸು!"

ಮೈಕು ಆರಿಸಲು ಮರೆತುಹೋಗಿತ್ತು ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ. ಸೀರೆ ಅಂಗಡಿಗೆ ಅವತ್ತು ಸಂಜೆಯವರೆಗೆ, ಯಾವ ಸೀರೆಯ ಬಣ್ಣ ಹೋಗುವುದು ಅಂತ ಜನ ವಿಚಾರಿಸುತ್ತಿದ್ದರಂತೆ. ಅವರು ನನ್ನನ್ನು ಇನ್ನು ಕರೆಯಲಿಕ್ಕಿಲ್ಲ.

ನಾನು ಹಾರಿ ಇಳಿದು ಓಡಿದೆ. ಪೆನ್ನು ಮಾಮ ಬಾಗಿಲಿಗೆ ಬಂದು ನಿಂತಿದ್ದರು, ಏನೂ ಆಗದವರ ಹಾಗೆ.

"ಎಂತ ಬೊಬ್ಬೆ ಅದು?"

"ಮಾಮ, ನೋಡಿದ್ರಾ? ಮೇಲಿನದ್ದು ನೋಡಿದ್ರಾ?"

ಮಾಮ ಕನ್ನಡಕ ತೆಗೆದರು. ಬನಿಯನ್ನಿನ ಅಂಚು ಎಳೆದರು. ಬನಿಯನ್ನಿನ ಅಂಚು ನೇರಳೆ! ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೂ ಕಡುನೇರಳೆ, ಉಗುರಿನ ಸಂದಿನವರೆಗೆ. ಒಂದು ದಿನದ ಕಲೆಯಲ್ಲ ಅದು. ಹಳೆಯದರ ಮೇಲೆ ಹೊಸದು ಕೂತು ದಪ್ಪವಾದದ್ದು. ನಾನು ಅವರ ಬೆರಳನ್ನು ನೋಡುವುದನ್ನು ಅವರು ನೋಡಿದರು. ಕೈ ಹಿಂದೆ ಮಾಡಿಕೊಂಡರು. ತಡವಾಗಿತ್ತು.

"ಮಾಮ! ಬಾಟಲಿ ತೆರೆದದ್ದು ಯಾವಾಗ?"

"ನೀವು ಹೋದ ಸಂಜೆಯೇ," ಅಂದರು ಮೆಲ್ಲಗೆ. "ಬಿಲ್ಲೆಲ್ಲ ಅದರಲ್ಲೇ ಬರೆದೆ. ಬೆರಳಿಗೆ ಹತ್ತಿದ್ದು ಹೋಗುದಿಲ್ಲ ಮಾರಾಯ, ಅದನ್ನು ಅವಳಿಗೆ ಹೇಳು. ಬಸಳೆಯಾದ್ರೆ ಒಂದು ಸ್ನಾನಕ್ಕೆ ಹೋಗ್ತದೆ ಅಲ್ವಾ ಹೇಳಿ. ಆಗಲೇ ನನಗೆ ಗೊತ್ತಾಯ್ತು."

"ಮತ್ತೆ ಯಾಕೆ ಫೋನು ಮಾಡ್ಲಿಲ್ಲ? ಅಲ್ಲಿ ಅಕ್ಕ..."

"ಕಾಗದ ಬಿಸಿಲಿಗೆ ಅಂಟಿಸಿ ಅಂದವ ನೀನು. ಅದು ಹೇಳಿ ಮುಗಿಸಲಿ ಅಂತ ಕಾದೆ." ಅವರು ಗಾಜಿನ ಕಪಾಟಿನ ಬೀಗ ತೆಗೆದು, ನಡುವಿನ ತಟ್ಟೆಯಲ್ಲಿದ್ದ ಬಾಟಲಿಗಳನ್ನು ಆಚೆ ಈಚೆ ಸರಿಸಿ ಜಾಗ ಮಾಡಿದರು. "ಇರುವುದನ್ನೆಲ್ಲ ಕಳಿಸ್ಲಿಕ್ಕೆ ಹೇಳು. ಮತ್ತೆ ಆ ಕಾಗದ ಬಾಗಿಲಿನಿಂದ ತೆಗೀಲಿಕ್ಕಿಲ್ಲ. ಮತ್ತೆ, ನೀನು..." ಕನ್ನಡಕ ಒರೆಸಿ ಹಾಕಿದರು. "ಕಾಲೇಜು ಸುರುವಾಗುವ ದಿನ ಬಂದು ಇಲ್ಲಿ ನಿಂತು ಹೇಳು, ಇದು ಹಣ್ಣಿನದ್ದಲ್ಲ ಅಂತ. ನಿನ್ನ ಸ್ವರದಲ್ಲಿ ಹೇಳಿದ್ರೆ ಯಾರೂ ನಂಬುದಿಲ್ಲ. ನನ್ನ ಸ್ವರದಲ್ಲಿ ಹೇಳು. ಮಾಡ್ತಿಯಂತಲ್ಲ, ಕೇಳಿದ್ದೇನೆ."

ನಾನು ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಮೊದಲು ಪೆನ್ನು ಮಾಮನ ಸ್ವರದಲ್ಲಿ, "ನಿಮ್ಮ ಇಂಕು ಬೆರಳಿನಿಂದ ಹೋಗುದಿಲ್ಲ, ಅಲ್ವಾ ಹೇಳಿ" ಅಂದೆ. ಅವಳು ಗಾಬರಿಯಲ್ಲಿ "ಹೌದು ಸರ್, ಸರಿ ಮಾಡ್ತೇನೆ ಸರ್" ಅಂದಳು. ಪಕ್ಕದಲ್ಲಿದ್ದ ನಿಜವಾದ ಮಾಮ ಫೋನು ಕಿತ್ತುಕೊಂಡು, "ನಾನು ಹೀಗೆ ಮಾತಾಡುದಾ?" ಅಂತ ಅವಳನ್ನೇ ಕೇಳಿದರು. ಆಮೇಲೆ ವಿಷಯ ಹೇಳಿದರು. ಆಚೆಯಿಂದ ಅಕ್ಕ ಕೂಗಿದ್ದು ಅಂಗಡಿಗೆಲ್ಲ ಕೇಳಿತು. ದೊಡ್ಡಮ್ಮನ ಮಗಳು ಅಂತ ಅವತ್ತು ಖಾತ್ರಿಯಾಯಿತು.

ಬಾಟಲಿಗಳನ್ನು ತರಲು ಮರುದಿನ ನಾನೇ ಗುಡ್ಡ ಹತ್ತಿದೆ. ಬಚ್ಚಲು ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಬಾವನ ಗಳುಗಳು! ಹತ್ತಿರ ಹೋಗಿ ನೋಡಿದರೆ ಗಳುಗಳಿಗೆ ಸಾಲಾಗಿ ಬಿದಿರಿನ ಗೂಟ ಹೊಡೆದಿದ್ದರು. ಒಂದೊಂದು ಗೂಟಕ್ಕೂ ಒಂದೊಂದು ತೊಳೆದ ಬಾಟಲಿ ತಲೆಕೆಳಗಾಗಿ ನೀರು ಇಳಿಸುತ್ತಿತ್ತು. ಬಾವ ಸ್ಟೂಲಿನ ಮೇಲೆ ನಿಂತು ಮೇಲಿನ ಸಾಲಿಗೆ ಬಾಟಲಿ ಸಿಕ್ಕಿಸುತ್ತಿದ್ದರು. ರಬ್ಬರ್ ಶೀಟುಗಳು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ತೂಗುತ್ತಿದ್ದವು, ಕಾರು ಹೊರಗೆ ಬಿಸಿಲಿನಲ್ಲಿತ್ತು.

"ಬಂದೆಯಾ ದೊಡ್ಡಮ್ಮ?" ಅಂದರು ಬಾವ, ತಿರುಗದೆ. "ಸೀರೆ ಜಾಗ್ರತೆ, ಆ ಬಕೆಟಿನಲ್ಲಿ ಇಂಕು ತೊಳೆದ ನೀರುಂಟು."

ಆಮೇಲೆ ಇಳಿದು ಕೈ ಚಾಚಿ ಬಾಟಲಿಯ ಪೆಟ್ಟಿಗೆಯನ್ನು ನನ್ನ ಕೈಗೆ ಇಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ ರಬ್ಬರ್ ಹಾಲು ಅಂಟಿ ಬೆಳ್ಳಗಿರುವ ಬಾವನ ಬೆರಳುಗಳು. ಅವತ್ತು ಐದೂ ನೇರಳೆ.